ಆಡಿದ ಮಾತು, ಬರೆಯದ ಪತ್ರ

ದನದ ಜಾತ್ರೆಯಲ್ಲಿ ವ್ಯಾಪಾರ ನೋಡಿದವರಿಗೆ ಗೊತ್ತು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಒಪ್ಪಿಗೆಯಾದರೆ ಒಂದಿಷ್ಟು ಸಂಚಕಾರ ಕೈಗಿಡುತ್ತಾರೆ. ಅಲ್ಲಿಗೆ ಮುಗಿಯಿತು. ಕಾಗದವಿಲ್ಲ, ಸಹಿಯಿಲ್ಲ. ಪೇಟೆಯವರು ಇದನ್ನು ಕಂಡು, ‘ಇದೆಲ್ಲ ಕೋರ್ಟಿನಲ್ಲಿ ನಿಲ್ಲುತ್ತದೆಯೆ?’ ಎಂದು ನಗುತ್ತಾರೆ.

ನಿಲ್ಲುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಮಾರಾಟದ ಕರಾರು ಬಾಯಿಮಾತಿನಲ್ಲೂ ಆಗಬಹುದು. 20ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗೊತ್ತುಮಾಡಿದ ವಸ್ತು ಒಪ್ಪಿಸಲು ಸಿದ್ಧವಾಗಿದ್ದು, ಷರತ್ತಾಗಲಿ ಬೇರೆ ಇರಾದೆಯಾಗಲಿ ಇಲ್ಲದಿದ್ದರೆ, ಮಾತು ಮುಗಿದ ಕ್ಷಣದಲ್ಲೇ ಒಡೆತನ ಕೊಂಡವನದು. ಹಣ ನಾಳೆ ಬರಲಿ, ಹಸುವನ್ನು ನಾಡಿದ್ದು ಹೊಡೆದುಕೊಂಡು ಹೋಗಲಿ. ಆ ರಾತ್ರಿ ಇನ್ನೊಬ್ಬ ಬಂದು ಎರಡು ಸಾವಿರ ಹೆಚ್ಚು ತೋರಿಸಿದನೆನ್ನಿ. ಆಸೆಬಿದ್ದ ಮಾರಾಟಗಾರ ಕೊಡಹೊರಟಿದ್ದು ಬೇರೆಯವನ ಹಸುವನ್ನು! ಅದೇ ರಾತ್ರಿ ಹಾವು ಕಚ್ಚಿ ಹಸು ಸತ್ತರೆ ನಷ್ಟ ಸಾಮಾನ್ಯವಾಗಿ ಕೊಂಡವನಿಗೆ. ಮಾತು ಇಬ್ಬರನ್ನೂ ಕಟ್ಟುತ್ತದೆ.

ಹಾಗಾದರೆ ತೊಡಕು ಎಲ್ಲಿ? ಸಾಕ್ಷಿಯಲ್ಲಿ. ಮಾತಿಗೆ ತಪ್ಪುವವನು ‘ನಾನು ಹೇಳಿಯೇ ಇಲ್ಲ’ ಎನ್ನುವುದು ಅಪರೂಪ. ‘ಬರಹ ಎಲ್ಲಿದೆ ತೋರಿಸು’ ಎನ್ನುತ್ತಾನೆ. ನ್ಯಾಯಾಧೀಶರು ಹಾಗೆ ಕೇಳಬಹುದು, ಮಾತು ನಡೆದಾಗ ಅವರು ಅಲ್ಲಿರಲಿಲ್ಲ. ಇವನು ಇದ್ದನಲ್ಲ! ತನಗೆ ಗೊತ್ತಿರುವುದಕ್ಕೇ ಸಾಕ್ಷಿ ಕೇಳುವವನು ಸುಳ್ಳಾಡದೆಯೇ ಸುಳ್ಳಿನ ಫಲ ಉಣ್ಣುತ್ತಾನೆ.

ಇಷ್ಟು ಹೇಳಿ, ಹಿಂದಿನವರು ಸತ್ಯವಂತರು, ಪತ್ರ ಬಂದ ಮೇಲೆ ಜನ ಕೆಟ್ಟರು ಎಂದು ಮುಗಿಸಿಬಿಡುವುದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ನೆಂಟರಲ್ಲೊಬ್ಬರು ನಿವೇಶನ ಕೊಂಡು ಹಣವನ್ನೂ ಪೂರ್ತಿ ಕೊಟ್ಟಿದ್ದರು. ‘ನಮ್ಮನಮ್ಮೊಳಗೆ ಪತ್ರ ಯಾಕೆ?’ ಎಂದು ಇಬ್ಬರೂ ಸುಮ್ಮನಿದ್ದರು. ಕೊಟ್ಟವರೂ ಹೋದರು, ಕೊಂಡವರೂ ಹೋದರು. ಮಾರಿದವರ ಮಕ್ಕಳು ಕೆಟ್ಟವರಲ್ಲ, ಅವರಿಗೆ ವಿಷಯವೇ ತಿಳಿದಿರಲಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆ, ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿ ನೋಂದಾಯಿತ ಪತ್ರದಿಂದಲೇ ಮಾರಾಟವಾಗಬೇಕೆನ್ನುತ್ತದೆ. ಆ ನೂರು ಇಂದಿಗೂ ನೂರೇ. ಯಾರೂ ಸುಳ್ಳಾಡಲಿಲ್ಲ, ಆದರೂ ವಿಧವೆಯೊಬ್ಬರು ನೆಲ ಕಳೆದುಕೊಂಡರು.

ಮಾತು ಕೊಟ್ಟವನ ಉಸಿರಿನೊಡನೆ ಮಾತಿನ ನೆನಪೂ ಹೋಗುತ್ತದೆ. ಆದ್ದರಿಂದ ಪತ್ರ ಕೇಳುವುದು ಅಪನಂಬಿಕೆಯೆಂದು ಮುನಿಸಿಕೊಳ್ಳಬೇಕಾಗಿಲ್ಲ. ಸಂಕೋಚಪಟ್ಟು ಸುಮ್ಮನಿರುವವರು ಹೆಚ್ಚಾಗಿ ಬಡವರು, ಹೆಂಗಸರು, ಚಿಕ್ಕವರು. ಪೆಟ್ಟು ಬೀಳುವುದೂ ಅವರಿಗೇ. ಮಾತಿನಲ್ಲಿ ನಿಲ್ಲುವವನಾದರೆ, ಅವರು ಕೇಳುವ ಮೊದಲೇ ‘ಬಾರಪ್ಪ, ಬರೆದುಕೊಡುತ್ತೇನೆ’ ಎನ್ನಲಿ. ಬರೆದುಕೊಡಲಾಗದೆ ಉಳಿದ ಮಾತಿಗೂ ಬರೆದುಕೊಟ್ಟವನಂತೆಯೇ ನಡೆದುಕೊಳ್ಳಲಿ.