ನಾಯಕತ್ವವು ಪಾಠದಿಂದ ಬರುವುದೇ?

ನಾಯಕತ್ವವು ಕಲಿತು ಬರತಕ್ಕುದೋ ಬಾಳಿ ಬರತಕ್ಕುದೋ ಎಂಬ ಪ್ರಶ್ನೆ ಹಳೆಯದು. ಈಗ ಅದು ಕಾಲೇಜಿನ ವೇಳಾಪತ್ರಿಕೆಯೊಳಗೇ ಬಂದು ಕುಳಿತಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ‘ಜೀವನ ಕೌಶಲ’ವೆಂಬ ಪಠ್ಯಕ್ರಮವನ್ನು ಹೊರಡಿಸಿತು. ಸಂವಹನ, ವೃತ್ತಿಕೌಶಲ, ನಾಯಕತ್ವ ಮತ್ತು ನಿರ್ವಹಣೆ, ಸಾರ್ವತ್ರಿಕ ಮಾನವಮೌಲ್ಯ ಎಂದು ಅದರಲ್ಲಿ ನಾಲ್ಕು ಭಾಗಗಳು. ಸಭೆಯಲ್ಲಿ ಮಾತನಾಡುವುದು, ಅರ್ಜಿ ಬರೆಯುವುದು, ಹತ್ತು ಜನರನ್ನು ಕೂಡಿಸಿ ಕಾರ್ಯ ನಡೆಸುವುದು ಇವೆಲ್ಲ ಅಲ್ಲಿ ಪಾಠಗಳೇ.

ಮಾತನಾಡುವುದನ್ನೂ ಕಾಲೇಜಿನಲ್ಲಿ ಕಲಿಯಬೇಕೇ ಎಂದು ಕೆಲವು ಹಿರಿಯರು ನಗುವುದುಂಟು. ಆ ನಗೆ ಸಲ್ಲದು. ಭಟ್ಕಳ ತಾಲೂಕಿನ ಶಿರಾಲಿಯನ್ನು ನೋಡಬಹುದು. ಚಿತ್ರಾಪುರ ಮಠದಿಂದ ಹೆಸರಾದ ಊರು ಅದು. ಅಲ್ಲಿಂದ ಪದವಿ ಓದಲು ಹೊರಡುವ ಮಕ್ಕಳು ಹೆದ್ದಾರಿಯ ಬಸ್ಸು ಹಿಡಿದು ದಕ್ಷಿಣದ ಭಟ್ಕಳಕ್ಕೋ ಉತ್ತರದ ಹೊನ್ನಾವರಕ್ಕೋ ಹೋಗುವರು. ಮೀನುಗಾರರ ಮನೆಯಿಂದಲೋ ಗದ್ದೆಗೆಲಸದ ಮನೆಯಿಂದಲೋ ಬಂದು, ಆ ಮನೆತನದಲ್ಲಿಯೇ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ ಅಧ್ಯಾಪಕರ ಮುಂದೆ ನಿಂತು ಸಂದೇಹ ಕೇಳುವುದೇ ಒಂದು ಸಾಹಸ. ವಕೀಲರ, ಅಧ್ಯಾಪಕರ ಮಕ್ಕಳು ಊಟಕ್ಕೆ ಕುಳಿತಲ್ಲಿಯೇ ಕಲಿತುಬಿಡುವ ಸಂಗತಿಗಳು ಅವಳಿಗೆ ಯಾರಿಂದಲೂ ದೊರೆತಿರುವುದಿಲ್ಲ. ಕೆಲವು ಮನೆಗಳಲ್ಲಿ ಮಾತ್ರ ಕೂಡಿಟ್ಟಿದ್ದ ಈ ತಿಳಿವಳಿಕೆಯನ್ನು ಎಲ್ಲರ ಎಲೆಗೂ ಬಡಿಸುವುದು ದಾಸೋಹವೇ ಸರಿ. ಇಷ್ಟರ ಮಟ್ಟಿಗೆ ಆ ಪಠ್ಯವು ಸ್ವಾಗತಾರ್ಹವಾದುದು.

ತೊಡಕು ಹುಟ್ಟುವುದು ಮುಂದೆ. ಓದಿನಲ್ಲಿ ಜಯಶಾಲಿಯಾಗುವ ಉಪಾಯವನ್ನೂ ಇತರರಿಗೆ ಮುಂದಾಳಾಗುವ ಗುಣವನ್ನೂ ಒಂದೇ ಬುಟ್ಟಿಯಲ್ಲಿಟ್ಟು ಎರಡಕ್ಕೂ ಅಂಕ ಕೊಡುವರು. ಮಳೆಗಾಲದಲ್ಲಿ ನಾಟಿಯ ಕೆಲಸಕ್ಕಾಗಿ ಎಂಟು ದಿನ ತರಗತಿ ತಪ್ಪಿಸಿಕೊಂಡವನೊಬ್ಬನು ಪರೀಕ್ಷೆಯ ಹಿಂದಿನ ವಾರ ಸಹಪಾಠಿಯ ಬಳಿ ಟಿಪ್ಪಣಿ ಪುಸ್ತಕ ಕೇಳುತ್ತಾನೆಂದು ಭಾವಿಸೋಣ. ತನ್ನ ಸ್ಥಾನವನ್ನು ಕಾಯ್ದುಕೊಳ್ಳುವ ಕೌಶಲವು ‘ಕೊಡಬೇಡ, ನಿನ್ನ ಸಮಯ ಹಾಳು’ ಎನ್ನುವುದು. ಕೊಟ್ಟು, ಜೊತೆಗೆ ಅರ್ಧ ತಾಸು ಕುಳಿತು ವಿವರಿಸಿದವನೇ ಅಲ್ಲಿ ನಾಯಕನು. ಆದರೆ ಅವನ ಆ ಅರ್ಧ ತಾಸನ್ನು ಕಾಣುವ ಪರೀಕ್ಷಕನಿಲ್ಲ. ಕಂಡು ಅಂಕ ಕೊಡುವುದಾದರೆ, ಮರುದಿನದಿಂದ ಎಲ್ಲರೂ ಅಂಕಕ್ಕಾಗಿಯೇ ಕೊಡತೊಡಗುವರು! ಫಲವನ್ನು ಲೆಕ್ಕ ಹಾಕಿ ಮಾಡಿದ ಸೇವೆಯನ್ನು ಶರಣರು ದಾಸೋಹವೆನ್ನಲಿಲ್ಲ.

ಸಂಸ್ಕೃತದಲ್ಲಿ ‘ನಾಯಕ’, ‘ವಿನಯ’ ಎರಡೂ ‘ನೀ’ ಎಂಬ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ವ್ಯಾಕರಣದಲ್ಲಿ ಒಡಹುಟ್ಟಿದ ಇವು ಲೋಕದಲ್ಲಿ ಒಂದೆಡೆ ಕಾಣುವುದು ಅಪರೂಪ. ಕಲ್ಯಾಣದಲ್ಲಿ ಕಂಡವು. ಬಿಜ್ಜಳನ ಭಂಡಾರಿಯಾಗಿ ಅಧಿಕಾರವೆಲ್ಲ ಕೈಯಲ್ಲಿದ್ದ ಬಸವಣ್ಣನವರು ಅನುಭವಮಂಟಪದ ಶೂನ್ಯಸಿಂಹಾಸನದಲ್ಲಿ ತಾವು ಕುಳ್ಳಿರದೆ ಅಲ್ಲಮಪ್ರಭುಗಳನ್ನು ಕುಳ್ಳಿರಿಸಿದರೆಂದು ಪರಂಪರೆ ಹೇಳುತ್ತದೆ. ಪೀಠವನ್ನು ಬಿಟ್ಟುಕೊಡುವ ಈ ಶಕ್ತಿಯನ್ನು ಯಾವ ಪ್ರಶ್ನಪತ್ರಿಕೆಯಲ್ಲಿ ಪರೀಕ್ಷಿಸುವುದು?

ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ನಾಯಕತ್ವದ ಪಾಠವನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಂದು ಶಾಲೆ ಬೇಕಾಗಿತ್ತು, ಅದಕ್ಕೆ ದುಡಿದರು. ನಾಡು ಅವರನ್ನು ಸಪ್ತರ್ಷಿಗಳೆಂದು ಕರೆದದ್ದು ಆಮೇಲೆ.

ಹಾಗಾದರೆ ಕಾಲೇಜು ಕೈಕಟ್ಟಿ ಕೂರಬೇಕೇ? ಕೂರಬೇಕಾಗಿಲ್ಲ. ಗುಣವನ್ನು ಕಲಿಸಲಾಗದಿದ್ದರೂ ಅದಕ್ಕೆ ಸಂದರ್ಭವನ್ನು ಒದಗಿಸಬಹುದು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ‘ನಾನಲ್ಲ, ನೀನು’ ಎಂಬುದನ್ನೇ ಧ್ಯೇಯವಾಗಿ ಇಟ್ಟುಕೊಂಡಿದೆ. ಎರಡು ವರ್ಷಗಳಲ್ಲಿ 240 ತಾಸು ಸೇವೆ, ನಡುವೆ ಏಳು ದಿನಗಳ ಶಿಬಿರ. ಶಿಬಿರದಲ್ಲಿ ಭಾಷಣ ಮಾಡಿದವನು ಛಾಯಾಚಿತ್ರದಲ್ಲಿ ಉಳಿಯುವನು, ನಿಜ. ಆದರೆ ಎಲ್ಲರಿಗೂ ಬಡಿಸಿ ಕೊನೆಯ ಪಂಕ್ತಿಯಲ್ಲಿ ಉಂಡವನಾರು, ಜ್ವರ ಬಂದ ಗೆಳೆಯನ ಪಾಲಿನ ಗುದ್ದಲಿಯನ್ನೂ ಹಿಡಿದವನಾರು ಎಂಬುದು ಏಳು ದಿನ ಒಟ್ಟಿಗೆ ಇದ್ದ ಮಕ್ಕಳಿಗೆ ಗೊತ್ತಿರುತ್ತದೆ. ಮುಂದೆ ಕಷ್ಟ ಬಂದಾಗ ಅವರು ಹುಡುಕಿಕೊಂಡು ಹೋಗುವುದು ಅವನ ಮನೆಗೇ.