ಹೊಗೆ ಯಾರ ಪಾಲಿಗೆ?

ಹಳೆಯ ಯೆಜ್ಡಿಯೊಂದನ್ನು ಕೊಂಡು ಮತ್ತೆ ಓಡುವಂತೆ ಮಾಡುವುದು ಒಳ್ಳೆಯ ಕೆಲಸವೇ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಬೈಕುಗಳು ಇನ್ನೂ ರಸ್ತೆಯಲ್ಲಿರುವುದು ಮೆಕ್ಯಾನಿಕ್‌ಗಳ ಕೈಗುಣದಿಂದ. ಇರುವುದನ್ನು ಎಸೆಯದೆ ಬಳಸಬೇಕೆಂಬುದು ನಮ್ಮ ಮನೆಗಳ ಹಳೆಯ ನೀತಿ. ನನ್ನ ರೋಡ್‌ಕಿಂಗ್ ಬಿಚ್ಚಿ ಜೋಡಿಸುವಾಗ ನಾನೂ ಅದನ್ನೇ ನಂಬಿದ್ದೆ.

ಕಾರ್ಬ್ಯುರೇಟರ್ ತೊಳೆದು, ಪಾಯಿಂಟ್‌ನ ಅಂತರ ಸರಿಪಡಿಸಿ, ಸೈಲೆನ್ಸರ್‌ಗಳ ಮಸಿ ಕೆರೆದು, ಕ್ರ್ಯಾಂಕಿನ ಆಯಿಲ್ ಸೀಲು ಬದಲಿಸಿದ್ದಾಯಿತು. ಈಗ ಎರಡನೇ ಕಿಕ್‌ಗೆ ಶುರುವಾಗುತ್ತದೆ. ಹೊಗೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲ. ಟೂ-ಸ್ಟ್ರೋಕ್ ಎಂಜಿನ್‌ಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು; ಅದೂ ಉರಿಯುತ್ತದೆ. ಹೊಸ ಮಿಶ್ರಣ ಸಿಲಿಂಡರಿಗೆ ನುಗ್ಗುವಾಗ ಹೊಗೆ ಹೊರಹೋಗುವ ದಾರಿಯೂ ತೆರೆದೇ ಇರುವುದರಿಂದ ಒಂದಿಷ್ಟು ಪೆಟ್ರೋಲು ಉರಿಯದೆಯೇ ಹೊರಬೀಳುತ್ತದೆ. ಎಂಜಿನ್ ಕೆಟ್ಟಿಲ್ಲ, ಕಟ್ಟಿರುವುದೇ ಹೀಗೆ.

ರಿಪೇರಿ ವಸ್ತುವನ್ನು ಅದರ ಸ್ವಭಾವಕ್ಕೆ ಮರಳಿಸುತ್ತದೆ. ಆ ಸ್ವಭಾವ ಸರಿಯೇ ಎಂಬ ಪ್ರಶ್ನೆ ಸವಾರನಿಗೆ ಉಳಿಯುತ್ತದೆ. ಹಳೆಯದನ್ನು ಉಳಿಸಿದ ಸಂತೋಷ ನನ್ನದು. ಹೊಗೆ ಸಿಗ್ನಲ್‌ನಲ್ಲಿ ಹಿಂದೆ ನಿಂತವರದು. ಹೊಸ ಬೈಕು ತಯಾರಿಸಲೂ ಉಕ್ಕು, ವಿದ್ಯುತ್ತು ಬೇಕಲ್ಲ ಎಂಬ ವಾದ ನಿಜ. ಆದರೆ ಆ ಲೆಕ್ಕದಿಂದ ಹಿಂದಿನ ಸ್ಕೂಟರಿನಲ್ಲಿ ಕೆಮ್ಮುವ ಮಗುವಿಗೆ ಸಮಾಧಾನವಾಗದು.

ಮಾರಿದರೆ ಹೊಗೆ ಇನ್ನೊಂದು ಬೀದಿಗೆ ಹೋಗುತ್ತದಷ್ಟೆ. ಗುಜರಿಗೆ ಹಾಕಲು ಮನಸ್ಸು ಒಪ್ಪದು. ಅದಕ್ಕೇ ದಿನದ ಓಡಾಟಕ್ಕೆ ಬಸ್ಸು. ಯೆಜ್ಡಿಗೆ ತಿಂಗಳಿಗೆರಡು ಭಾನುವಾರ, ಊರಾಚೆಯ ಖಾಲಿ ರಸ್ತೆ. ಇಷ್ಟಕ್ಕೇ ಪ್ರಶ್ನೆ ತೀರಿತೆಂದು ಹೇಳಲಾರೆ. ನಮ್ಮ ಪ್ರೀತಿಯ ಖರ್ಚಿನಲ್ಲಿ ಬೇರೆಯವರ ಪಾಲೆಷ್ಟು ಎಂಬುದನ್ನು ಆಗಾಗ ಕೇಳಿಕೊಳ್ಳುವುದಾದರೂ ಸಾಧ್ಯ.