ಇಲ್ಲವೆಂಬ ಮಾತು

ಹಿಂದಿನವರಿಗೆ ತಡವಾದದ್ದಕ್ಕೆ ಕಾರಣ ಹೇಳಲು ರೈಲಿತ್ತು. ಅಮ್ಮಸಂದ್ರದಲ್ಲಿ ಹತ್ತಿ ತಿಪಟೂರಿನಲ್ಲಿ ಇಳಿದವನು ‘ಗಾಡಿ ತಡವಾಯಿತು’ ಎಂದರೆ, ಅನುಮಾನವುಳ್ಳವನು ಸ್ಟೇಷನ್ ಮಾಸ್ತರನ್ನು ಕೇಳಿ ನೋಡಬಹುದಾಗಿತ್ತು. ಅದೇ ಗಾಡಿಯಲ್ಲಿ ಬಂದ ನೂರಾರು ಮಂದಿಯ ಸಾಕ್ಷಿಯೂ ಇರುತ್ತಿತ್ತು. ಈಗ ಆ ಸ್ಥಾನಕ್ಕೆ ‘ನೆಟ್‌ವರ್ಕ್ ಇರಲಿಲ್ಲ’ ಎಂಬ ಮಾತು ಬಂದಿದೆ. ಇದಕ್ಕೆ ಸಾಕ್ಷಿ ಹೇಳುವವರಿಲ್ಲ. ಪಕ್ಕದಲ್ಲಿ ಕುಳಿತವನಿಗೆ ಇದ್ದದ್ದು ತನಗೆ ಇರಲಿಲ್ಲವೆಂದು ಒಬ್ಬನು ಹೇಳಿದರೆ ನಂಬುವುದು ಹೇಗೆ, ನಂಬದಿರುವುದು ಹೇಗೆ? ಇದು ಯಂತ್ರ ತಿಳಿದವರ ಪ್ರಶ್ನೆಯೆಂದು ಬಿಟ್ಟುಬಿಡುವುದು ವಾಡಿಕೆ. ನನಗೆ ಹಾಗೆ ತೋರುವುದಿಲ್ಲ.

ನಾನು ಪಾಠ ಹೇಳುವ ಕಾಲೇಜಿನಲ್ಲಿ ನಡೆದ ಸಂಗತಿ. ಅಮ್ಮಸಂದ್ರದ ಕಡೆಯ ತೋಟದ ಮನೆಯ ಹುಡುಗಿಯೊಬ್ಬಳು ತನ್ನ ಪ್ರಬಂಧವನ್ನು ಸಂಜೆ 5 ಗಂಟೆಯೊಳಗೆ ಕಳುಹಿಸಬೇಕಾಗಿತ್ತು. ಮಧ್ಯಾಹ್ನವೆಲ್ಲ ವಾಚನಾಲಯದಲ್ಲಿ ಕುಳಿತು ಬರೆದು ಮುಗಿಸಿದಳು. ಕಳುಹಿಸುವ ಹೊತ್ತಿಗೆ ಅವಳ ಲ್ಯಾಪ್‌ಟಾಪು, ಹಿಂದಿನ ವಾರವೆಲ್ಲ ಸರಿಯಾಗಿದ್ದದ್ದು, ಒಮ್ಮೆಲೇ ಹಟ ಹಿಡಿಯಿತು. ವೈಫೈ ಕಾಣಿಸುತ್ತದೆ, ಸೇರಿದಂತೆಯೂ ತೋರುತ್ತದೆ; ‘ಇಂಟರ್‌ನೆಟ್ ಇಲ್ಲ’ ಎನ್ನುತ್ತದೆ. ಮುಚ್ಚಿ ತೆರೆದಳು, ಅಲ್ಲಿ ಇಲ್ಲಿ ಓಡಾಡಿದಳು, 5 ಗಂಟೆ ಹೊಡೆಯಿತು. ಪ್ರಬಂಧ ಪಡೆಯಬೇಕಾಗಿದ್ದ ನನ್ನ ಸಹೋದ್ಯೋಗಿ ಕೆಟ್ಟವರಲ್ಲ. ಆದರೆ ಈ ನೆವವನ್ನು ನೂರು ಸಲ ಕೇಳಿದವರು. “ಅದೇ ಮೇಜಿನ ಮೇಲೆ ಗೆಳತಿಯ ಫೋನು ನಡೆಯುತ್ತಿತ್ತಲ್ಲ! ನೆಟ್‌ವರ್ಕ್ ಇದ್ದೇ ಇತ್ತು. ಬರೆಯದವರು ಆಡುವ ಮಾತು ಇದು” ಎಂದು ಸೊನ್ನೆ ಹಾಕಿದರು.

ಇಬ್ಬರ ತರ್ಕವನ್ನೂ ನೋಡಿ. ನನಗೆ ಸಿಗಲಿಲ್ಲ, ಆದುದರಿಂದ ಇರಲಿಲ್ಲ ಎಂದು ಹುಡುಗಿ. ಇನ್ನೊಬ್ಬಳಿಗೆ ಸಿಕ್ಕಿತು, ಆದುದರಿಂದ ನಿನಗೂ ಇತ್ತು ಎಂದು ಮೇಷ್ಟ್ರು. ಇಬ್ಬರೂ ಒಂದೊಂದು ಹಳ್ಳವನ್ನು ಹಾರಿಯೇ ದಾಟಿದ್ದಾರೆ.

ನಮ್ಮ ಹಳೆಯ ತಾರ್ಕಿಕರಿಗೆ ‘ಇಲ್ಲ’ ಎಂಬ ಜ್ಞಾನ ದೊಡ್ಡ ತಲೆನೋವಾಗಿತ್ತು. ನೆಲದ ಮೇಲೆ ಮಡಕೆ ಇಲ್ಲವೆಂದು ನಮಗೆ ತಿಳಿಯುವುದು ಹೇಗೆ? ಕುಮಾರಿಲಭಟ್ಟನ ಪಂಥದವರೂ ಅದ್ವೈತಿಗಳೂ ಇದಕ್ಕಾಗಿ ‘ಅನುಪಲಬ್ಧಿ’ ಎಂಬ ಆರನೆಯ ಪ್ರಮಾಣವನ್ನೇ ಒಪ್ಪಿದರು. ನೈಯಾಯಿಕರು ಅದನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ. ಆ ಜಗಳ ನಮಗೆ ಬೇಡ. ಬೇಕಾದದ್ದು ಅವರು ಹಾಕಿದ ಒಂದು ಕಟ್ಟಳೆ: ಕಾಣದಿರುವುದು ‘ಯೋಗ್ಯ’ವಾಗಿರಬೇಕು. ಮಡಕೆ ಇದ್ದಿದ್ದರೆ ಕಾಣುವಷ್ಟು ಬೆಳಕಿದ್ದು, ನೋಡುವ ಕಣ್ಣಿದ್ದು, ಆಗಲೂ ಕಾಣದಿದ್ದರೆ ಮಾತ್ರ ಇಲ್ಲವೆನ್ನಬೇಕು. ಕತ್ತಲೆಯಲ್ಲಿ ಕಾಣದ ಮಡಕೆಯನ್ನು ಇಲ್ಲವೆನ್ನುವ ಅಧಿಕಾರ ಯಾರಿಗೂ ಇಲ್ಲ.

ಲ್ಯಾಪ್‌ಟಾಪಿನ ವಿಷಯದಲ್ಲಿ ದೀಪ ಹಚ್ಚುವ ಕ್ರಮವುಂಟು. ಮರುದಿನ ಬೆಳಿಗ್ಗೆ ಕಂಪ್ಯೂಟರ್ ಕೊಠಡಿಯ ತರುಣನೊಬ್ಬನು ಅದನ್ನು ನನ್ನೆದುರಿಗೇ ಮಾಡಿದನು. ‘ಪಿಂಗ್’ ಎಂಬ ಪುಟ್ಟ ಉಪಾಯವಿದೆ. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬಾತ ಜಾಲದ ತೊಂದರೆಯೊಂದನ್ನು ಹುಡುಕಲೆಂದೇ ಬರೆದದ್ದು. ನೀರಿನೊಳಗೆ ಶಬ್ದ ಕಳುಹಿಸಿ ಮಾರ್ದನಿ ಕೇಳುವ ಸೋನಾರಿನಿಂದ ಆ ಹೆಸರು. ಮೊದಲು 127.0.0.1 ಎಂಬ ಸಂಖ್ಯೆಗೆ ಕೂಗಬೇಕು. ಅದು ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಉತ್ತರ ಬಂತು. ಆಮೇಲೆ ಗೋಡೆಯ ಮೇಲಿನ ರೂಟರ್ ಪೆಟ್ಟಿಗೆಗೆ. ಉತ್ತರವಿಲ್ಲ. ಅಲ್ಲಿಗೆ ತಪ್ಪು ಮೇಜಿಗೂ ಗೋಡೆಗೂ ನಡುವೆ ಎಲ್ಲೋ ಇದೆಯೆಂದಾಯಿತು. ಇಲ್ಲಿಯೂ ಎಚ್ಚರ ಬೇಕು: ಕೆಲವು ಯಂತ್ರಗಳಿಗೆ ಪಿಂಗಿಗೆ ಓಗೊಡಬಾರದೆಂದೇ ಕಟ್ಟಪ್ಪಣೆಯಿರುತ್ತದೆ, ಮೌನವೊಂದನ್ನೇ ಹಿಡಿದು ಸತ್ತಿದೆಯೆನ್ನುವಂತಿಲ್ಲ. ಆದುದರಿಂದ ಅವನು ಲ್ಯಾಪ್‌ಟಾಪಿನ ವಿಳಾಸವನ್ನು ನೋಡಿದನು. ಅದು 169.254 ಎಂದು ಆರಂಭವಾಗಿತ್ತು.

ಯಂತ್ರವೊಂದು ವೈಫೈಗೆ ಸೇರಿದೊಡನೆ ರೂಟರನ್ನು ಒಂದು ವಿಳಾಸ ಕೇಳುತ್ತದೆ. ರೂಟರು ತನ್ನಲ್ಲಿರುವುದರಲ್ಲಿ ಒಂದನ್ನು ಇಷ್ಟು ಹೊತ್ತಿಗೆ ಎಂದು ಗುತ್ತಿಗೆ ಕೊಡುತ್ತದೆ. ಕೇಳಿ ಕೇಳಿ ಸಿಗದಿದ್ದರೆ ಲ್ಯಾಪ್‌ಟಾಪು 169.254ರ ಸಾಲಿನಿಂದ ತಾನೇ ಒಂದನ್ನು ಇಟ್ಟುಕೊಳ್ಳುತ್ತದೆ. ಆ ವಿಳಾಸದಿಂದ ತನ್ನಂತೆಯೇ ಅನಾಥವಾದ ನೆರೆಯ ಯಂತ್ರದೊಡನೆ ಮಾತಾಡಬಹುದು, ಹೊರಲೋಕಕ್ಕೆ ದಾರಿಯಿಲ್ಲ. (ತಮಗೆ ತಾವೇ ಬಿರುದು ಕೊಟ್ಟುಕೊಂಡ ಕೆಲವು ಕವಿಗಳು ನೆನಪಾದರು. ಅದಿರಲಿ.) ನಮ್ಮ ರೂಟರಿಗೆ ಗೊತ್ತುಮಾಡಿದ್ದ ವಿಳಾಸಗಳು 50, ಗುತ್ತಿಗೆಯ ಅವಧಿ 24 ಗಂಟೆ. ಒಂದು ಗಳಿಗೆ ವಾಚನಾಲಯಕ್ಕೆ ಬಂದು ಹಾಡು ಕೇಳಿ ಮನೆಗೆ ಹೋದವನ ಫೋನಿನ ಹೆಸರಿನಲ್ಲಿಯೂ ಮರುದಿನದವರೆಗೆ ಒಂದು ಸ್ಥಳ ಕಾದಿರುತ್ತಿತ್ತು. ಕೊನೆಯ ದಿನ ಎಲ್ಲರೂ ಬಂದರು, ಐವತ್ತೂ ಮುಗಿದವು. ಮೊದಲೇ ಪಡೆದಿದ್ದ ಗೆಳತಿಗೆ ನಡೆಯಿತು. ಬರೆಯುವುದನ್ನೆಲ್ಲ ಮುಗಿಸಿ ಕಡೆಗೆ ಕೇಳಿದವಳಿಗೆ ಸಿಗಲಿಲ್ಲ. ನೆಟ್‌ವರ್ಕ್ ಇದ್ದದ್ದೂ ನಿಜ, ಅವಳಿಗೆ ಇಲ್ಲದ್ದೂ ನಿಜ.

ಆ ಹುಡುಗಿಯ ತಂದೆ ನನಗೆ ಪರಿಚಯದವರು. ಅವರ ತೋಟಕ್ಕೆ ಹೋದಾಗೊಮ್ಮೆ ಕೊಳವೆಬಾವಿಯ ನೀರು ನಿಂತಿತ್ತು. “ಬತ್ತಿತೇ, ಗೌಡರೇ?” ಎಂದೆ. “ಹಂಗೆ ಅಂದ್ಬಿಟ್ರೆ ಆಯ್ತದಾ ಮೇಷ್ಟ್ರೇ? ಮೂರು ಫೇಸೂ ಐತಾ ನೋಡ್ಬೇಕು, ಫ್ಯೂಸ್ ನೋಡ್ಬೇಕು, ಸ್ಟಾರ್ಟರ್ ನೋಡ್ಬೇಕು. ಪೈಪು ಒಡೆದಿದ್ರೂ ಮೋಟ್ರು ಓಡ್ತಾನೇ ಇರ್ತದೆ. ಬೋರು ಬತ್ತೋಯ್ತು ಅನ್ನೋದು ಕಡೇ ಮಾತು” ಎಂದರು. ಒಂದೊಂದನ್ನೇ ನೋಡುತ್ತ ನಡೆದರು. ಫ್ಯೂಸು ಹೋಗಿತ್ತು.

ಗೌಡರಿಗೆ ಆ ತಾಳ್ಮೆ ಎಲ್ಲಿಂದ ಬಂತು? ಅವರು ತರ್ಕಶಾಸ್ತ್ರ ಓದಿದವರಲ್ಲ. ಅವಸರಪಟ್ಟು ‘ಇಲ್ಲ’ ಎಂದರೆ ಮತ್ತೊಂದು ಬಾವಿ ಕೊರೆಸುವ ಸಾಲ ಅವರ ತಲೆಯ ಮೇಲೆಯೇ ಬೀಳುತ್ತದೆ. ಸೊನ್ನೆ ಹಾಕಿದವರ ಅವಸರಕ್ಕೆ ಬೆಲೆ ತೆತ್ತವಳು ಬೇರೆಯವಳು. ಪಡಿತರದ ಅಂಗಡಿಯಲ್ಲಿ ‘ಸರ್ವರ್ ಇಲ್ಲ, ನಾಳೆ ಬಾ’ ಎಂದಾಗಲೂ ಹೀಗೆಯೇ: ಹೇಳಿದವನಿಗೆ ಏನೂ ಖರ್ಚಿಲ್ಲ, ಕೂಲಿ ಬಿಟ್ಟು ಬಂದ ಮುದುಕಿಗೆ ಒಂದು ದಿನ. ‘ಇಲ್ಲ’ ಎಂದು ತೀರ್ಮಾನಿಸುವವನೇ ಅದರ ನಷ್ಟವನ್ನು ಹೊರುವಂತಿದ್ದರೆ ನಾವೆಲ್ಲ ಫ್ಯೂಸನ್ನು ಮೊದಲು ನೋಡುತ್ತಿದ್ದೆವು.

ಹಾಗಾದರೆ ಸುಳ್ಳು ಹೇಳುವವರನ್ನೂ ನಂಬಬೇಕೇ ಎಂದು ಸಹೋದ್ಯೋಗಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಈ ನೆವ ಹೇಳುವವರಲ್ಲಿ ಸುಳ್ಳರು ಬೇಕಾದಷ್ಟಿದ್ದಾರೆ, ನಾನೂ ಕಂಡಿದ್ದೇನೆ. ಆದರೆ ನಂಬುವುದು ಬೇರೆ, ಹುಡುಕುವುದು ಬೇರೆ. ಹುಡುಕಲು ಹಿಡಿದದ್ದು ಕಾಲು ಗಂಟೆ. ಹುಡುಕದೆ ನಂಬಿದ್ದರೆ ವಿಳಾಸಗಳು ಐವತ್ತೇ ಉಳಿಯುತ್ತಿದ್ದವು, ಮುಂದಿನ ತಿಂಗಳು ಇನ್ನೊಬ್ಬಳು ಅಳುತ್ತಿದ್ದಳು.

ರೂಟರಿನ ವಿಳಾಸಗಳನ್ನು 200ಕ್ಕೆ ಏರಿಸಿದರು, ಗುತ್ತಿಗೆಯನ್ನು 2 ಗಂಟೆಗೆ ಇಳಿಸಿದರು. ಅಂದು ವಿಳಾಸ ಸಿಗದೆ ಹೋದವರು ಇವಳೊಬ್ಬಳೇ ಆಗಿರಲಾರಳು, ಉಳಿದವರು ಹೇಳಿದರೂ ನಂಬುವವರಿಲ್ಲವೆಂದು ಸುಮ್ಮನಾಗಿರಬೇಕು ಎಂದು ಸಹೋದ್ಯೋಗಿಗೇ ಹೊಳೆದು, ಸೋಮವಾರದವರೆಗೆ ಎಲ್ಲರಿಗೂ ಅವಕಾಶ ಕೊಟ್ಟರು. ಏಳು ಪ್ರಬಂಧಗಳು ಬಂದವು. ಎರಡು ಭಾನುವಾರ ರಾತ್ರಿ ಬರೆದವೆಂಬುದು ಓದಿದೊಡನೆ ಗೊತ್ತಾಗುತ್ತಿತ್ತು. ಅವರು ಅವುಗಳಿಗೂ ಅಂಕ ಹಾಕಿದರು.